ಉಂಗುರದೊಳಗೆ ಏನಿದೆ?

ಮೆದುಳಿನ ಗಡ್ಡೆಯ ಎಂಆರ್‌ಐಗಳಲ್ಲಿ ನನ್ನ ತಲೆಯನ್ನು ಹೆಚ್ಚು ಕೆಡಿಸುವುದು ಉಂಗುರ. ಕಾಂಟ್ರಾಸ್ಟ್ ಎಂಬ ಮದ್ದನ್ನು ರಕ್ತನಾಳಕ್ಕೆ ಕೊಟ್ಟ ಮೇಲೆ ಅಂಚು ಬೆಳ್ಳಗೆ ಹೊಳೆಯುತ್ತದೆ, ನಡುವೆ ಕಪ್ಪು, ಸುತ್ತಲೂ ಊತ. ಮೆದುಳಿನಲ್ಲೇ ಹುಟ್ಟುವ ಉಗ್ರ ಕ್ಯಾನ್ಸರಾದ ಗ್ಲಿಯೊಬ್ಲಾಸ್ಟೋಮಾ ಹೀಗೇ ಕಾಣುತ್ತದೆ, ಬೇರೆ ಅಂಗದಿಂದ ಹರಡಿಬಂದ ಕ್ಯಾನ್ಸರೂ ಹೀಗೇ, ಕೀವು ತುಂಬಿದ ಕುರುವೂ ಹೀಗೇ. ರಕ್ತನಾಳದ ಕಾವಲು ಎಲ್ಲಿ ಮುರಿದಿದೆ ಎಂಬುದನ್ನಷ್ಟೇ ಕಾಂಟ್ರಾಸ್ಟ್ ತೋರಿಸುತ್ತದೆ. ಮುರಿದವರು ಯಾರೆಂದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಮೊದಲು ನೀರಿನ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರ ನೋಡುತ್ತೇನೆ. ಕೀವು ಮಂದ, ಅದರೊಳಗೆ ನೀರಿನ ಅಣುಗಳಿಗೆ ಓಡಾಡಲು ಜಾಗವಿಲ್ಲ. ಡಿಫ್ಯೂಷನ್ ಚಿತ್ರದಲ್ಲಿ ಉಂಗುರದ ನಡುಭಾಗ ಬೆಳ್ಳಗೆ, ಆ ಓಡಾಟವನ್ನು ಅಳೆದು ತೋರಿಸುವ ಎಡಿಸಿ ನಕ್ಷೆಯಲ್ಲಿ ಕಪ್ಪಗೆ ಇದ್ದರೆ ಕುರುವಿನ ಅನುಮಾನ ಗಟ್ಟಿ. ಸತ್ತ ಗಡ್ಡೆಯ ನಡುವಿನ ನೀರು ಸಾಮಾನ್ಯವಾಗಿ ಸಲೀಸಾಗಿ ಹರಿದಾಡುತ್ತದೆ. ಒಳಗೆ ರಕ್ತ ಸೋರಿದ್ದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಎಡಿಸಿ ನೋಡದೆ ಬರೀ ಬಿಳುಪು ನೋಡಿ ವರದಿ ಬರೆಯುವುದಂತೂ ಬೇಡವೇ ಬೇಡ.

ಗ್ಲಿಯೊಬ್ಲಾಸ್ಟೋಮಾವೋ, ಹರಡಿಬಂದದ್ದೋ? ಇದಕ್ಕೆ ಪರ್ಫ್ಯೂಷನ್ ಬೇಕು. ಗ್ಯಾಡೊಲಿನಿಯಮ್ಮನ್ನು, ಅಂದರೆ ಅದೇ ಕಾಂಟ್ರಾಸ್ಟ್ ಮದ್ದನ್ನು, ರಭಸವಾಗಿ ಚುಚ್ಚಿ, ಒಂದೆರಡು ಸೆಕೆಂಡಿಗೊಮ್ಮೆ ಇಡೀ ಮೆದುಳಿನ ಚಿತ್ರ ತೆಗೆದು, ಎಲ್ಲೆಲ್ಲಿ ಎಷ್ಟು ರಕ್ತವಿದೆಯೆಂದು ಲೆಕ್ಕ ಹಾಕುತ್ತೇವೆ. ಗುಟ್ಟಿರುವುದು ಉಂಗುರದಲ್ಲಲ್ಲ, ಅದರ ಹೊರಗಿನ ಊತದಲ್ಲಿ. ಹರಡಿಬಂದ ಗಡ್ಡೆಯ ಸುತ್ತ ಇರುವುದು ಬಹುಪಾಲು ಬರೀ ನೀರು. ಗ್ಲಿಯೊಬ್ಲಾಸ್ಟೋಮಾದ ಕೋಶಗಳಾದರೋ ಆ ಊತದೊಳಕ್ಕೂ ನುಗ್ಗಿರುತ್ತವೆ, ಅಲ್ಲೂ ರಕ್ತದ ಪ್ರಮಾಣ ಏರಿರುತ್ತದೆ.

ಇದೇ ಪರ್ಫ್ಯೂಷನ್ ನನ್ನನ್ನೊಮ್ಮೆ ಬೇಸ್ತು ಬೀಳಿಸಿತ್ತು. ನಕ್ಷೆಯಲ್ಲಿ ರಕ್ತ ಹೆಚ್ಚೆಂದು ತೋರಿಸುವ ಕೆಂಪು ಉರಿಯುತ್ತಿತ್ತು, ‘ಉಗ್ರ ದರ್ಜೆ’ ಎಂದು ಬರೆದುಬಿಟ್ಟೆ. ಬಯಾಪ್ಸಿಯಲ್ಲಿ ಬಂದದ್ದು ಎರಡನೇ ದರ್ಜೆಯ, ಅಂದರೆ ನಿಧಾನವಾಗಿ ಬೆಳೆಯುವ, ಆಲಿಗೊಡೆಂಡ್ರೊಗ್ಲಿಯೋಮಾ ಎಂಬ ಗಡ್ಡೆ. ಆ ಗಡ್ಡೆಯಲ್ಲಿ ಸಣ್ಣ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ, ದರ್ಜೆ ಕಡಿಮೆಯಿದ್ದರೂ ರಕ್ತ ಜಾಸ್ತಿ. ಪಾಠದಲ್ಲಿ ಓದಿದ್ದೆ, ಕೆಂಪು ಕಂಡೊಡನೆ ಮರೆತಿದ್ದೆ.

ಗಡ್ಡೆಯೊಳಗಿನ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿಯ ಬಗ್ಗೆ ನನಗೆ ಅಷ್ಟು ಮೋಹವಿಲ್ಲ. ಕೋಶಪೊರೆಯ ಕೋಲೀನ್ ಏರಿದೆ, ನರಕೋಶದ ಎನ್‌ಎಎ ಇಳಿದಿದೆ ಎಂಬ ಸಾಲು ಬಹುತೇಕ ಎಲ್ಲ ಗಡ್ಡೆಗಳ ವರದಿಗೂ ಹೊಂದುತ್ತದೆ. ಅಳೆಯುವ ಚೌಕ ತಲೆಬುರುಡೆಯ ಹತ್ತಿರ ಜಾರಿದರೆ ಕೊಬ್ಬಿನ ಅಲೆ ಎಲ್ಲವನ್ನೂ ನುಂಗುತ್ತದೆ. ಆದರೆ ಆ ಅಲೆಗಳ ನಕ್ಷೆಯಲ್ಲಿ 2.25 ಪಿಪಿಎಂ ಎಂಬ ಸ್ಥಾನದ ಬಳಿ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ರಾಸಾಯನಿಕ ಸಿಕ್ಕರೆ ಮಾತೇ ಬೇರೆ, ಅದು ಐಡಿಎಚ್ ಎಂಬ ಜೀನಿನ ರೂಪಾಂತರದ ಸುಳಿವು. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ವಯಸ್ಕರ ಗ್ಲಿಯೋಮಾಗಳ (ಮೆದುಳಿನ ಪೋಷಕ ಕೋಶಗಳಿಂದ ಹುಟ್ಟುವ ಗಡ್ಡೆಗಳ) ಹೆಸರೇ ಈ ರೂಪಾಂತರದ ಮೇಲೆ ನಿಂತಿದೆ. ತಮಾಷೆಯೆಂದರೆ, ಇದೇ ಸುಳಿವನ್ನು ಕೆಲವೊಮ್ಮೆ ಮಾಮೂಲಿ ಚಿತ್ರಗಳೇ ಕೊಡುತ್ತವೆ: ನೀರು ಬೆಳ್ಳಗೆ ಕಾಣುವ ಟಿ2ನಲ್ಲಿ ಇಡೀ ಗಡ್ಡೆ ಬೆಳ್ಳಗೆ, ಬಿಡಿ ನೀರನ್ನು ಕಪ್ಪಾಗಿಸುವ ಫ್ಲೇರ್‌ನಲ್ಲಿ ಅಂಚು ಬಿಟ್ಟು ಉಳಿದದ್ದು ಮಂಕು.

ಕೀಮೊ, ರೇಡಿಯೇಶನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಉಂಗುರ ದಪ್ಪಗಾದರೆ ಮನೆಯವರ ಮುಖ ಬಾಡುತ್ತದೆ. ಅದು ಚಿಕಿತ್ಸೆಯ ಗಾಯವೂ ಆಗಿರಬಹುದು. ಅಲ್ಲಿ ರಕ್ತದ ಪ್ರಮಾಣ ತಗ್ಗಿದ್ದು, ರೋಗಿ ಗೆಲುವಾಗಿದ್ದರೆ ‘ಕೆಲವು ವಾರ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿ’ ಎಂದೇ ಬರೆಯುತ್ತೇನೆ.