ಪಾದ್ರಿ, ವಿಗಾರ್, ಬಿಷಪ್: ಯಾರು ದೊಡ್ಡವರು?

ಕಾರವಾರಕ್ಕೆ ಹೊಸದಾಗಿ ಬಂದವರು ಕೇಳುವುದುಂಟು: ‘ಪಾದ್ರಿ ದೊಡ್ಡವರಾ, ಫಾದರ್ ದೊಡ್ಡವರಾ?’ ಎರಡೂ ಒಂದೇ. ಪಾದ್ರಿ ಪೋರ್ಚುಗೀಸರ ಮಾತು, ಫಾದರ್ ಇಂಗ್ಲಿಷರದ್ದು. ಇಗರ್ಜಿ (ಚರ್ಚ್), ವಿಗಾರ್ ಕೂಡ ಪೋರ್ಚುಗೀಸರಿಂದಲೇ ಬಂದವು. ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ, ಅಲ್ವಾ? ಇಲ್ಲಿನ ಚರ್ಚುಗಳಿಗೆ 1953ರವರೆಗೂ ಗೋವಾದ ಆರ್ಚ್‌ಬಿಷಪ್ಪರೇ ಹಿರಿಯರು. ಆ ವರ್ಷ ಬೆಳಗಾವಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಹುಟ್ಟಿತು. ಅದರಿಂದ 1976ರಲ್ಲಿ ಕಾರವಾರ ಬೇರೆಯಾಯಿತು, ವಿಲಿಯಂ ಲಿಯೊನಾರ್ಡ್ ಡಿಮೆಲ್ಲೊ ಮೊದಲ ಬಿಷಪ್ ಆದರು.

ಕಥೋಲಿಕರಲ್ಲಿ ಹೆಸರು ಎಷ್ಟಿದ್ದರೂ ದೀಕ್ಷೆಯ ಮೆಟ್ಟಿಲು ಮೂರೇ: ಡೀಕನ್, ಪಾದ್ರಿ, ಬಿಷಪ್. ಮೊದಲು ಇವುಗಳ ಕೆಳಗೆ ಸಣ್ಣ ಮೆಟ್ಟಿಲುಗಳೂ ಇದ್ದವು, ಬಾಗಿಲು ಕಾಯುವವನಿಗೂ ಒಂದು. 1972ರಲ್ಲಿ ಪೋಪ್ ಆರನೇ ಪಾಲ್ ಆ ಪದ್ಧತಿ ಕೈಬಿಟ್ಟರು.

ಯಾರು ಯಾರೆಂದು ಗುರುತಿಸಲು ಪೂಜೆಯ ಹೊತ್ತಿನಲ್ಲಿ ಅವರು ಹಾಕುವ ಉದ್ದ ಬಟ್ಟೆಪಟ್ಟಿ ನೋಡಿ. ಡೀಕನ್ ಅದನ್ನು ಎಡ ಹೆಗಲಿನಿಂದ ಬಲ ಸೊಂಟಕ್ಕೆ ಅಡ್ಡ ಹಾಕುತ್ತಾರೆ, ಥೇಟ್ ಜನಿವಾರದ ಹಾಗೆ. (ಶಿರಸಿ ಕಡೆಯವರಿಗೆ ಮರೆಯೋದಿಲ್ಲ.) ಪಾದ್ರಿ ಕುತ್ತಿಗೆಯಿಂದ ಎರಡೂ ಕಡೆ ಇಳಿಬಿಡುತ್ತಾರೆ. ದೀಕ್ಷೆಯ ದಿನ ತಲೆ ಮೇಲೆ ಕೈ ಇಡುವುದು ಮೂವರಿಗೂ ಉಂಟು. ಎಣ್ಣೆ ಮಾತ್ರ ಪಾದ್ರಿಗೆ ಅಂಗೈಗೆ, ಬಿಷಪ್ಪರಿಗೆ ತಲೆಗೆ, ಡೀಕನ್‌ಗೆ ಇಲ್ಲ. ಬಿಷಪ್ ದೀಕ್ಷೆಗೆ ಕನಿಷ್ಠ ಮೂವರು ಬಿಷಪ್ಪರು ಬೇಕು. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆಯ ಕಟ್ಟಳೆ ಇದು.

ಡೀಕನ್ ಮಗುವಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಬಹುದು, ಮದುವೆ ಮಾಡಿಸಬಹುದು. ಬಲಿಪೂಜೆ (ಮಾಸ್, ಚರ್ಚಿನ ಮುಖ್ಯ ಪೂಜೆ) ಅರ್ಪಿಸಲು, ಪಾಪನಿವೇದನೆ ಕೇಳಿ ಕ್ಷಮೆ ಕೊಡಲು ಪಾದ್ರಿಯೇ ಆಗಬೇಕು. ಇನ್ನೊಬ್ಬರನ್ನು ಪಾದ್ರಿ ಮಾಡಲು ಬಿಷಪ್ಪರೇ ಬರಬೇಕು.

ಮಿಕ್ಕಿದ್ದೆಲ್ಲ ಜವಾಬ್ದಾರಿ, ಇಲ್ಲವೇ ಗೌರವ. ವಿಗಾರ್ ಅಂದರೆ ಒಂದು ಇಗರ್ಜಿಯನ್ನು ನೋಡಿಕೊಳ್ಳುವ ಪಾದ್ರಿ, ಅಷ್ಟೇ. ಮೊನ್ಸಿಂಜರ್ ಸುಮ್ನೆ ಒಂದು ಬಿರುದು. ಆರ್ಚ್‌ಬಿಷಪ್ಪರೂ ದೀಕ್ಷೆಯಲ್ಲಿ ಬಿಷಪ್ಪರೇ. ನಮ್ಮಲ್ಲೇ ನೋಡಿ: ಡೆರೆಕ್ ಫರ್ನಾಂಡಿಸ್ 2007ರಲ್ಲಿ ಕಾರವಾರದ ಬಿಷಪ್ ಆದರು, 2019ರಲ್ಲಿ ಬೆಳಗಾವಿಗೆ ಹೋದರು. ಊರು ಬದಲಾಯಿತೇ ಹೊರತು ಹೊಸ ದೀಕ್ಷೆ ಆಗಲಿಲ್ಲ. ಅವರ ನಂತರ 2024ರಲ್ಲಿ ಇಲ್ಲಿಗೆ ನೇಮಕವಾದ ಡುಮಿಂಗ್ ಡಯಾಸ್ ಪಾದ್ರಿಯಾಗಿದ್ದವರು. ಹಾಗಾಗಿ ಅವರಿಗೆ ದೀಕ್ಷೆ ಬೇಕಾಯಿತು.

1947ರಲ್ಲಿ ಹುಟ್ಟಿದ ಪ್ರೊಟೆಸ್ಟಂಟರ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಸಭೆಯಲ್ಲೂ ಇವೇ ಮೂರು ಮೆಟ್ಟಿಲು. ನಡುವಿನವರನ್ನು ಅಲ್ಲಿ ಸಭಾಪಾಲಕರು ಅನ್ನುತ್ತಾರೆ, ಅವರು ಮದುವೆಯಾಗಬಹುದು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಎಂಬ ಮಹಿಳೆ ಬಿಷಪ್ಪರೂ ಆದರು. ಕಥೋಲಿಕ ಇಗರ್ಜಿಯಲ್ಲಿ ಹೆಂಗಸರಿಗೆ ಮೊದಲ ಮೆಟ್ಟಿಲೂ ಇನ್ನೂ ಸಿಕ್ಕಿಲ್ಲ.