ವೀಸಾ ಕೊಡದ ಸಚಿವರು: ಆಸ್ಟ್ರೇಲಿಯದ ರಾಜ್ಯಗಳಲ್ಲಿ ಬಹುಸಂಸ್ಕೃತಿ ಖಾತೆ

ಪರೀಕ್ಷೆಗೆ ಆಸ್ಟ್ರೇಲಿಯದ ಒಕ್ಕೂಟ ವ್ಯವಸ್ಥೆ ಓದುವವರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ರಾಜ್ಯಗಳ ಬಹುಸಂಸ್ಕೃತಿ ಖಾತೆಯಲ್ಲಿ. ಬಹುಸಂಸ್ಕೃತಿ ವ್ಯವಹಾರಗಳ ಸಚಿವರು ಅಂದ ತಕ್ಷಣ ವೀಸಾ, ಪೌರತ್ವ ನೆನಪಾಗುತ್ತದೆ. ಆದರೆ ಅವೆರಡನ್ನೂ ನೋಡಿಕೊಳ್ಳುವುದು ಕೇಂದ್ರ ಸರ್ಕಾರ. ಸಂವಿಧಾನದ 51ನೇ ಸೆಕ್ಷನ್ ಆ ಅಧಿಕಾರವನ್ನು ಕೇಂದ್ರದ ಸಂಸತ್ತಿಗೆ ಕೊಟ್ಟಿದೆ. ವಿಕ್ಟೋರಿಯ ರಾಜ್ಯದ ರಾಜಧಾನಿ ಮೆಲ್ಬೋರ್ನಿನಲ್ಲಿ ಕೂತ ರಾಜ್ಯ ಸಚಿವರು ಯಾರಿಗೂ ವೀಸಾ ಕೊಡಲಾರರು.

ಹಾಗಾದರೆ ರಾಜ್ಯಕ್ಕೆ ಈ ಖಾತೆ ಯಾಕೆ ಬೇಕು? ವಲಸೆ ಬಂದವರು ದಿನಾ ಮುಖಾಮುಖಿಯಾಗುವುದು ರಾಜ್ಯ ಸರ್ಕಾರದ ಜೊತೆಗೇ. ಸರ್ಕಾರಿ ಆಸ್ಪತ್ರೆ, ಶಾಲೆ, ಪೊಲೀಸ್ ಠಾಣೆ ಎಲ್ಲವೂ ರಾಜ್ಯದವು. 2021ರ ಜನಗಣತಿಯ ಪ್ರಕಾರ ಆಸ್ಟ್ರೇಲಿಯದ 27.6% ಜನ ಹೊರದೇಶದಲ್ಲಿ ಹುಟ್ಟಿದವರು. ಅವರಲ್ಲಿ ಇಂಗ್ಲೆಂಡಿನವರ ನಂತರದ ದೊಡ್ಡ ಗುಂಪು ಭಾರತದವರದು. ವೈದ್ಯರ ಮಾತು ಅರ್ಥವಾಗದೆ ಅಜ್ಜಿಯೊಬ್ಬರು ತಪ್ಪು ಮಾತ್ರೆ ನುಂಗಿದರೆ ಅದು ರಾಜ್ಯದ ತಲೆನೋವೇ ಅಲ್ವಾ?

ಆದರೆ ಆಸ್ಪತ್ರೆಯ ದುಭಾಷಿಗೆ ದುಡ್ಡು ಹೋಗುವುದು ಆರೋಗ್ಯದ ಬಜೆಟ್ಟಿನಿಂದ. ಮಕ್ಕಳು ವಾರಾಂತ್ಯದಲ್ಲಿ ಕನ್ನಡ ಕಲಿಯುವ ಸಮುದಾಯ ಭಾಷಾ ಶಾಲೆಗೆ ಅನುದಾನ ಬರುವುದು ಶಿಕ್ಷಣ ಇಲಾಖೆಯಿಂದ. ಇಷ್ಟೆಲ್ಲ ಬೇರೆಯವರ ಕೈಯಲ್ಲಿರುವಾಗ ಈ ಸಚಿವರ ಪಾಲಿಗೆ ನೇರವಾಗಿ ಉಳಿಯುವುದು ಹಬ್ಬ, ಸಮುದಾಯ ಕಾರ್ಯಕ್ರಮಗಳ ಅನುದಾನದಂಥ ಸಣ್ಣ ಬಾಬತ್ತುಗಳು. ದೀಪಾವಳಿ ಸಮಾರಂಭದ ಫೋಟೋಗಳಲ್ಲಿ ಅವರೇ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಇನ್ನು ಅವರ ನಿಜವಾದ ಅಸ್ತ್ರ ಯಾವುದು ಅಂದರೆ, ವರದಿ ಕೇಳುವ ಹಕ್ಕು. ವಿಕ್ಟೋರಿಯದ 2011ರ ಬಹುಸಂಸ್ಕೃತಿ ಕಾಯ್ದೆಯನ್ನೇ ನೋಡಿ. ದುಭಾಷಿಗಳಿಗೆ ಏನು ಮಾಡಿದಿರಿ, ಇಂಗ್ಲಿಷೇತರ ಪತ್ರಿಕೆ, ರೇಡಿಯೋಗಳಲ್ಲಿ ಎಷ್ಟು ಮಾಹಿತಿ ಕೊಟ್ಟಿರಿ ಅಂತ ಪ್ರತಿ ಇಲಾಖೆಯೂ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು ಅಂದಿತು ಅದು. ಸಚಿವರು ಅದನ್ನೆಲ್ಲ ಸೇರಿಸಿ ರಾಜ್ಯದ ಸಂಸತ್ತಿನ ಮುಂದಿಡಬೇಕು. ಒಂಥರಾ ಕ್ಲಾಸ್ ಮಾನಿಟರ್ ಕೆಲಸ: ಹೆಸರು ಬರೆದುಕೊಳ್ಳಬಹುದು, ಶಿಕ್ಷೆ ಕೊಡುವಂತಿಲ್ಲ.

ಹೀಗಾಗಿ ಖಾತೆ ಯಾರ ಕೈಯಲ್ಲಿದೆ ಅನ್ನುವುದು ಬಹಳ ಮುಖ್ಯವಾಗುತ್ತದೆ. ಪರೀಕ್ಷೆಯ ಉತ್ತರಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶ ಇದು. ವಿಕ್ಟೋರಿಯದಲ್ಲಿ ಜೆಫ್ ಕೆನೆಟ್ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥವರು, ಆಗಿದ್ದಾಗ ಇದನ್ನು ತಾವೇ ಇಟ್ಟುಕೊಂಡಿದ್ದರು. 1999ರಲ್ಲಿ ವಿರೋಧ ಪಕ್ಷದ ಸ್ಟೀವ್ ಬ್ರ್ಯಾಕ್ಸ್ ಬಂದರು, ಅವರೂ ಹಾಗೇ ಮಾಡಿದರು. ಪ್ರೀಮಿಯರ್ ಸಹಿ ಇರುವ ಪತ್ರಕ್ಕೆ ಆರೋಗ್ಯ ಇಲಾಖೆ ಬೇಗ ಉತ್ತರ ಕೊಡುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ 2023ರಲ್ಲಿ ಸಚಿವರಾದ ಸ್ಟೀವ್ ಕ್ಯಾಂಪರ್ ಅವರಿಗೆ ಇದರ ಜೊತೆ ಸಣ್ಣ ಉದ್ದಿಮೆ, ಭೂಮಿ, ಕ್ರೀಡೆಯೂ ಸಿಕ್ಕಿದವು. ಆಗ ಅವರ ಕೈಯಲ್ಲಿ ಇದು ನಾಲ್ಕರಲ್ಲೊಂದಾಗಿತ್ತು. ಆದರೆ ಸಚಿವರ ಬೆನ್ನಿಗೆ ಹಳೆಯ ಸಂಸ್ಥೆಯೊಂದಿದೆ. 1977ರಲ್ಲಿ ಜನಾಂಗೀಯ ವ್ಯವಹಾರಗಳ ಆಯೋಗವಾಗಿ ಶುರುವಾದದ್ದು ಈಗ ಮಲ್ಟಿಕಲ್ಚರಲ್ ಎನ್‌ಎಸ್‌ಡಬ್ಲ್ಯೂ (ನ್ಯೂ ಸೌತ್ ವೇಲ್ಸ್). ಅದು ತಾನೇ ದುಭಾಷಿ ಸೇವೆಯನ್ನೂ ನಡೆಸುತ್ತದೆ.

ಕರ್ನಾಟಕದ ಅಲ್ಪಸಂಖ್ಯಾತರ ಕಲ್ಯಾಣ ಖಾತೆಯೂ ಇದೇ ಅಂತ ಬರೆಯಬೇಡಿ. ನಮ್ಮಲ್ಲಿ ಆ ಇಲಾಖೆಗೆ ಹಾಸ್ಟೆಲ್, ವಸತಿ ಶಾಲೆ, ವಿದ್ಯಾರ್ಥಿವೇತನ ಅಂತ ತನ್ನದೇ ಯೋಜನೆಗಳಿವೆ, ಫಲಾನುಭವಿಗಳ ಪಟ್ಟಿಯಿದೆ. ಆಸ್ಟ್ರೇಲಿಯದ ಖಾತೆ ಮುಖ್ಯವಾಗಿ ಬೇರೆ ಇಲಾಖೆಗಳ ಕೆಲಸದ ಮೇಲೆ ಕಣ್ಣಿಡುವಂಥದ್ದು.