ಪದ ಪರಿಚಯ: ಸರ್ಕಾರಿ ವಕೀಲರು

ಶಿವಮೊಗ್ಗದ ಕೋರ್ಟ್ ಆವರಣ, ಮಳೆಗಾಲದ ಒಂದು ಬೆಳಿಗ್ಗೆ. ಹೊಸನಗರ ಕಡೆಯ ಅಜ್ಜಿಯೊಬ್ಬರು ಒದ್ದೆ ಕೊಡೆ ಮಡಿಸಿಕೊಂಡು ನನ್ನ ಹತ್ತಿರ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಪಹಣಿ, ಕಂದಾಯದ ರಸೀದಿ.

"ತಮ್ಮಾ, ಸರ್ಕಾರಿ ವಕೀಲ್ರು ಎಲ್ಲಿ ಸಿಗ್ತಾರೆ? ದುಡ್ಡಿಲ್ದೆ ಕೇಸು ನಡೆಸ್ತಾರಂತಲ್ಲ."

ನಾನು ಆಗ ಸರ್ಕಾರಿ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿದ್ದೆ. "ಅಜ್ಜಿ, ಅವರು ಸರ್ಕಾರದ ಪರ ವಾದ ಮಾಡೋರು. ನಿಮ್ಮ ಕೇಸು ತಹಶೀಲ್ದಾರರ ಮೇಲಿದ್ರೆ ಅವರು ನಿಮ್ಮ ಎದುರಿಗೆ ನಿಲ್ತಾರೆ" ಅಂದೆ. ಅಜ್ಜಿಯ ಮುಖ ಸಣ್ಣದಾಯಿತು. ಅವರು ಹುಡುಕುತ್ತಿದ್ದದ್ದು ಕಾನೂನು ಸೇವಾ ಪ್ರಾಧಿಕಾರವನ್ನು. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಕರೆದುಕೊಂಡು ಹೋಗಿ ಕೂರಿಸಿ ಬಂದೆ. ಅವತ್ತಿನಿಂದ ಈ ಪದವನ್ನು ಬಿಡಿಸಿ ಹೇಳಬೇಕು ಅನ್ನುವುದು ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಗೊಂದಲ ಇನ್ನೊಂದಿದೆ. ಪತ್ರಿಕೆಯಲ್ಲಿ ಕೊಲೆ ಕೇಸಿನ ಸುದ್ದಿಯ ಕೊನೆಗೆ "ಸರ್ಕಾರಿ ವಕೀಲರು ವಾದ ಮಂಡಿಸಿದ್ದರು" ಅಂತ ಬರುತ್ತದಲ್ವಾ, ಅವರು ಬೇರೆ. ಕ್ರಿಮಿನಲ್ ಕೇಸು ನಡೆಸುವ ಅವರನ್ನು ಸರ್ಕಾರಿ ಅಭಿಯೋಜಕರು ಅನ್ನುತ್ತಾರೆ. ನಾನು ಹೇಳುತ್ತಿರುವುದು ಸಿವಿಲ್ ಕಡೆಯವರ ವಿಷಯ. ಜಮೀನು, ಭೂಸ್ವಾಧೀನ, ಗುತ್ತಿಗೆದಾರರ ಬಿಲ್ಲು, ಸರ್ಕಾರದ ಆಸ್ತಿ, ಇಂಥ ದಾವೆಗಳಲ್ಲಿ ಸರ್ಕಾರದ ಪರ ನಿಲ್ಲುವವರು. ಕೋರ್ಟಿನಲ್ಲಿ ಇವರನ್ನು ಸರ್ಕಾರಿ ಪ್ಲೀಡರ್ ಅಂತಲೇ ಕರೆಯುವುದು. ಜಿಲ್ಲೆಯ ಮಟ್ಟದಲ್ಲಿ ಇರುವವರಿಗೆ ಡಿಜಿಪಿ ಅನ್ನುತ್ತೇವೆ, ಅಂದರೆ ಡಿಸ್ಟ್ರಿಕ್ಟ್ ಗವರ್ನಮೆಂಟ್ ಪ್ಲೀಡರ್. ಪೊಲೀಸ್ ಮಹಾನಿರ್ದೇಶಕರಿಗೂ ಅದೇ ಮೂರಕ್ಷರ ಇರುವುದರಿಂದ ಹೊಸಬರು ಬೆಚ್ಚುವುದುಂಟು. ಇವರದು ಖಾಯಂ ಸರ್ಕಾರಿ ನೌಕರಿ ಅಲ್ಲ. ವಕೀಲಿ ಮಾಡುತ್ತಿರುವವರನ್ನೇ ಸರ್ಕಾರ ಒಂದು ಅವಧಿಗೆ ನೇಮಿಸುತ್ತದೆ. ಅದಕ್ಕೆ 1977ರ ಕರ್ನಾಟಕ ಕಾನೂನು ಅಧಿಕಾರಿಗಳ ನಿಯಮಗಳಿವೆ.

ಪದದ ಬೇರು ಇರುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ನಮ್ಮ ಬಾಯಲ್ಲಿ ಸಿಪಿಸಿ. ಅದರ 2ನೇ ಕಲಮಿನಲ್ಲೇ ಸರ್ಕಾರಿ ಪ್ಲೀಡರ್ ಯಾರು ಅನ್ನುವ ವ್ಯಾಖ್ಯೆ ಇದೆ. ಅದೇ ಸಂಹಿತೆಯ 27ನೇ ಆದೇಶದ (ಆರ್ಡರ್) ಪ್ರಕಾರ, ಆ ಕೋರ್ಟಿನಿಂದ ಸರ್ಕಾರಕ್ಕೆ ಹೊರಡುವ ಸಮನ್ಸನ್ನು ಪಡೆಯುವ ಏಜೆಂಟ್ ಇವರೇ. ನಾವೆಲ್ಲ ಕಕ್ಷಿದಾರರಿಂದ ಸಹಿ ಮಾಡಿಸಿಕೊಂಡು ವಕಾಲತ್ತು, ಅಂದರೆ ಅವರ ಪರ ವಾದಿಸುವ ಅಧಿಕಾರಪತ್ರ, ಹಾಕುತ್ತೇವೆ. ಸರ್ಕಾರಿ ಪ್ಲೀಡರ್ ಒಂದು ಮೆಮೊ ಕೊಟ್ಟು ಹಾಜರಾಗುತ್ತಾರೆ.

ಸರ್ಕಾರದ ಮೇಲೆ ದಾವೆ ಹಾಕುವ ಮೊದಲು 80ನೇ ಕಲಮಿನ ನೋಟಿಸ್ ಕೊಡಬೇಕು. ಜಿಲ್ಲಾಧಿಕಾರಿಗೋ ಸರ್ಕಾರದ ಕಾರ್ಯದರ್ಶಿಗೋ ಕೊಟ್ಟು 2 ತಿಂಗಳು ಕಾಯಬೇಕು. ತೀರಾ ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೇರ ದಾವೆ ಹಾಕಬಹುದು. ಆ 2 ತಿಂಗಳು ಇಟ್ಟಿರುವುದು ಯಾಕೆ? ಸರ್ಕಾರ ತನ್ನ ಕಡತ ತೆಗೆದು ನೋಡಲಿ, ತಪ್ಪು ತನ್ನದಾಗಿದ್ದರೆ ಅಲ್ಲೇ ಸರಿಪಡಿಸಲಿ, ಬಡವರು ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪಲಿ ಅಂತ. ಆದರೆ ಎಷ್ಟೋ ನೋಟಿಸುಗಳು ಟಪಾಲಿನಲ್ಲಿ ಸೇರಿ, ಇನ್ವರ್ಡ್ ನಂಬರ್ ಹಾಕಿಸಿಕೊಂಡು ಅಲ್ಲೇ ಮಲಗುತ್ತವೆ. ಇದನ್ನು ನೋಡಿ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆಡಳಿತದ ಕೇಸುಗಳ ದಾರಿ ಬೇರೆ. ಮೇಷ್ಟರ ವರ್ಗಾವಣೆ, ಗುಮಾಸ್ತರ ಬಡ್ತಿ ಇಂಥವು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುತ್ತವೆ. ಅಧಿಕಾರಿಯ ಆದೇಶವೇ ಕಾನೂನುಬಾಹಿರ ಅನ್ನುವವರು ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುತ್ತಾರೆ. ಶಿವಮೊಗ್ಗದವರಿಗೆ ಎರಡಕ್ಕೂ ಬೆಂಗಳೂರೇ ಗತಿ. ಅಲ್ಲಿ ಸರ್ಕಾರದ ಪರ ಅಡ್ವೊಕೇಟ್ ಜನರಲ್ ಮತ್ತು ಅವರ ಕೈಕೆಳಗಿನ ಸರ್ಕಾರಿ ವಕೀಲರು ನಿಲ್ಲುತ್ತಾರೆ.

ಈಗ ಅಸಲು ಕೆಲಸಕ್ಕೆ ಬರುತ್ತೇನೆ. ಮಲೆನಾಡಿನಲ್ಲಿ ಈ ಕೆಲಸ ಯಾಕೆ ಕಷ್ಟ ಅಂದರೆ, ಇಲ್ಲಿ ಸರ್ಕಾರಕ್ಕೆ ಎರಡು ಬಾಯಿ. ಕಂದಾಯ ಇಲಾಖೆಯ ಪಹಣಿಯಲ್ಲಿ ಒಂದು ಇರುತ್ತದೆ, ಅರಣ್ಯ ಇಲಾಖೆಯ ನಕ್ಷೆಯಲ್ಲಿ ಇನ್ನೊಂದು. 1963ರ ಅರಣ್ಯ ಕಾಯ್ದೆಯಲ್ಲಿ ಸೆಕ್ಷನ್ 4 ಅಂದರೆ "ಇಲ್ಲಿ ಅರಣ್ಯ ಮಾಡಬೇಕೆಂದಿದ್ದೇವೆ" ಅನ್ನುವ ಅಧಿಸೂಚನೆ. ಜನರ ಹಕ್ಕು ಕೇಳಿ ತೀರ್ಮಾನಿಸಿದ ಮೇಲೆ ಸೆಕ್ಷನ್ 17ರ ಅಂತಿಮ ಅಧಿಸೂಚನೆ. ಸೆಕ್ಷನ್ 4 ಆಗಿ ದಶಕಗಳೇ ಕಳೆದರೂ 17 ಆಗದ ಜಾಗಗಳು ನಮ್ಮ ಕಡೆ ಎಷ್ಟೋ ಇವೆ. ನಡುವೆ ತೋಟ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅಪ್ಪಣೆಯಿಲ್ಲದೆ ಸಾಗು ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅನ್ನುವ ಬಗರ್ ಹುಕುಂ ಅರ್ಜಿಗಳು. ದಾವೆ ಬಿದ್ದರೆ ಇಲಾಖೆ ಯಾವುದೇ ಇರಲಿ, ಪ್ರತಿವಾದಿ ಒಬ್ಬರೇ, ಕರ್ನಾಟಕ ಸರ್ಕಾರ. ಎರಡು ಬಾಯಿಂದ ಬಂದದ್ದನ್ನು ಒಂದೇ ಮಾತು ಮಾಡಿ ಕೋರ್ಟಿಗೆ ಹೇಳಬೇಕಾದವರು ಸರ್ಕಾರಿ ಪ್ಲೀಡರ್.

ಒಂದು ಕೇಸು ಹೇಳುತ್ತೇನೆ. 2 ಎಕರೆ ಅಡಿಕೆ ತೋಟ. ಅಪ್ಪನ ಕಾಲದಲ್ಲಿ ದರಖಾಸ್ತಿನಲ್ಲಿ, ಅಂದರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ, ಮಂಜೂರಾದದ್ದು ಅಂತ ರೈತರು ಹೇಳುತ್ತಿದ್ದರು. ಮಂಜೂರಾತಿಗೆ ಕೊಡುವ ಸಾಗುವಳಿ ಚೀಟಿ ಕೇಳಿದರೆ, ಸೂರು ಸೋರಿ ಪೆಟ್ಟಿಗೆಯೊಳಗೇ ಗೆದ್ದಲು ಹಿಡಿದು ಹೋಯಿತು ಅಂದರು. ಅರಣ್ಯದವರು ಒತ್ತುವರಿ ಅಂತ ನೋಟಿಸ್ ಕೊಟ್ಟಿದ್ದರು. ಜಮೀನು ನಮ್ಮದೆಂದು ಘೋಷಿಸಿ, ಅರಣ್ಯದವರು ಅಡ್ಡಿ ಮಾಡದಂತೆ ಶಾಶ್ವತ ಪ್ರತಿಬಂಧಕಾಜ್ಞೆ ಕೊಡಿ ಅಂತ ರೈತರು ದಾವೆ ಹಾಕಿದರು. ಇಂಥ ಕಡೆ ರೈತರು ಜಾಸ್ತಿ ಹೇಳುವ ಮಾತು, "12 ವರ್ಷ ಅನುಭವದಲ್ಲಿದ್ದೇವೆ, ಇನ್ನು ನಮ್ಮದೇ". ಖಾಸಗಿ ಜಮೀನಿಗೆ ಆ ಲೆಕ್ಕ. ಸರ್ಕಾರದ ವಿರುದ್ಧ ಆದರೆ 30 ವರ್ಷ. ಅವರ ವಕೀಲರಿಗೆ ಇದು ಗೊತ್ತಿತ್ತು, ಹಾಗಾಗಿ ಮಂಜೂರಾತಿಯನ್ನೇ ನೆಚ್ಚಿಕೊಂಡಿದ್ದರು.

ಲಿಖಿತ ಹೇಳಿಕೆ ಸಲ್ಲಿಸಲು 30 ದಿನ, ಕೋರ್ಟ್ ಸಮಯ ಕೊಟ್ಟರೆ 90 ದಿನ. ಅದಕ್ಕೆ ಇಲಾಖೆಯಿಂದ ಕಂಡಿಕೆವಾರು ಉತ್ತರ ಬರಬೇಕು. ಅಂದರೆ ವಾದಪತ್ರದ ಪ್ರತಿ ಪ್ಯಾರಾಕ್ಕೂ ಸರಿ, ತಪ್ಪು, ಆಧಾರ ಏನು ಅಂತ ಬರೆದು ಕಳಿಸುವುದು. ನಮಗೆ ಬಂದದ್ದು ಒಂದೂವರೆ ಪುಟ. ಎಲ್ಲ ಪ್ಯಾರಾಕ್ಕೂ "ಅಲ್ಲಗಳೆಯಲಾಗಿದೆ". ಸೀನಿಯರ್ ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು. "ಮಾರಾಯ, ಇದು ಉತ್ತರ ಅಲ್ಲ. ಕಡತ ಎಲ್ಲಿ? ನೀನೇ ಹೋಗಿ ಬಾ" ಅಂದರು.

ಮೂರು ಸಲ ಹೋದೆ. ರೆಕಾರ್ಡ್ ರೂಮಿನಲ್ಲಿ ಜುಲೈ ತಿಂಗಳ ತೇವ, ಹಳೆ ಬಟ್ಟೆಯ ಗಂಟುಗಳು, ಮೂಗು ಹಿಡಿಯುವ ಮುಗ್ಗಲು ವಾಸನೆ. ಮೂರನೇ ಸಲ ಅಲ್ಲಿನ ಹಿರಿಯ ಗುಮಾಸ್ತರೊಬ್ಬರು ದರಖಾಸ್ತು ವಹಿ ಹುಡುಕಿ ಕೊಟ್ಟರು. ಅದರಲ್ಲಿ ಸಾಗುವಳಿ ಚೀಟಿಯ ಕಚೇರಿ ಪ್ರತಿ ಇತ್ತು. ನೇರಳೆ ಶಾಯಿ, ಸರ್ವೆ ನಂಬರ್, ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿ, ರೈತರ ಅಪ್ಪನ ಎಡಗೈ ಹೆಬ್ಬೆಟ್ಟು. ಗೆದ್ದಲು ತಿಂದದ್ದು ರೈತರ ಪ್ರತಿಯನ್ನು. ಸರ್ಕಾರದ ಪ್ರತಿ ಸರ್ಕಾರದ ಹತ್ತಿರ ಭದ್ರವಾಗಿತ್ತು.

ಖಾಸಗಿ ಕಕ್ಷಿದಾರರ ವಕೀಲರಾಗಿದ್ದರೆ, ಎದುರು ಪಕ್ಷಕ್ಕೆ ಅನುಕೂಲವಾಗುವ ಕಾಗದವನ್ನು ತಾವಾಗಿ ತೋರಿಸುವುದು ಅಪರೂಪ. ಸರ್ಕಾರಿ ವಕೀಲರು ಹಾಗೆ ಸುಮ್ನೆ ಇರುವಂತಿಲ್ಲ ಅಂತ ನಮ್ಮ ಸೀನಿಯರ್ ನಂಬಿದ್ದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು 1973ರಲ್ಲಿ ದಿಲ್‌ಬಾಗ್ ರಾಯ್ ಕೇಸಿನಲ್ಲಿ ಇದನ್ನೇ ಹೇಳಿದ್ದಾರೆ. ಏನಾದರೂ ಮಾಡಿ ಪ್ರಜೆಯ ಮೇಲೆ ಗೆಲ್ಲಬೇಕು ಅನ್ನುವ ಖಾಸಗಿ ದಾವೆದಾರನ ಹಾಗೆ ಸರ್ಕಾರ ನಡೆದುಕೊಳ್ಳಬಾರದು, ನ್ಯಾಯವಾದ ಹಕ್ಕನ್ನು ಒಪ್ಪಿಕೊಳ್ಳಬೇಕು ಅನ್ನುವುದು ಅದರ ತಾತ್ಪರ್ಯ. 1976ರಲ್ಲಿ ಸಿಪಿಸಿಗೆ ಸೇರಿದ ಒಂದು ನಿಯಮವೂ ಸರ್ಕಾರದ ಕೇಸುಗಳಲ್ಲಿ ಮೊದಲೇ ರಾಜಿಗೆ ಪ್ರಯತ್ನಿಸುವುದನ್ನು ಕೋರ್ಟಿನ ಕರ್ತವ್ಯ ಮಾಡಿದೆ.

ಆದರೂ ಸರ್ಕಾರಿ ವಕೀಲರು ತಾವಾಗಿ ಕೇಸು ಬಿಟ್ಟುಕೊಡುವಂತಿಲ್ಲ. ನಿರ್ಧಾರ ಸರ್ಕಾರದ್ದು, ಅಭಿಪ್ರಾಯ ಮಾತ್ರ ಇವರದು. ಸೀನಿಯರ್ ಜಂಟಿ ಸರ್ವೆ ಕೇಳಿ ಎರಡೂ ಇಲಾಖೆಗೆ ಬರೆದರು. ಕಂದಾಯದವರು, ಅರಣ್ಯದವರು, ಸರ್ವೆಯರ್ ಒಟ್ಟಿಗೆ ಚೈನು ಹಿಡಿದು ಅಳೆದಾಗ ತೋಟ ಅರಣ್ಯದ ಗಡಿಯಿಂದ ಹೊರಗೆ ಬಂತು. ಸರ್ವೆ ವರದಿ, ಸಾಗುವಳಿ ಚೀಟಿಯ ಪ್ರತಿ ಎರಡನ್ನೂ ಸೀನಿಯರ್ ಅವರೇ ಕೋರ್ಟಿಗೆ ಹಾಜರುಪಡಿಸಿದರು. ದಾವೆ ರೈತರ ಪರ ಡಿಕ್ರಿ ಆಯಿತು.

ಇನ್ನೂ ಒಂದು ಕೆಲಸ ಬಾಕಿ ಇತ್ತು. ಸರ್ಕಾರದ ವಿರುದ್ಧ ತೀರ್ಪು ಬಂದರೆ ದೃಢೀಕೃತ ನಕಲು ತೆಗೆಸಿ, ಮೇಲ್ಮನವಿ ಹಾಕಬೇಕೋ ಬೇಡವೋ ಅಂತ ಸರ್ಕಾರಿ ವಕೀಲರು ಅಭಿಪ್ರಾಯ ಕಳಿಸಬೇಕು. ಜಿಲ್ಲಾ ಕೋರ್ಟಿಗಾದರೆ 30 ದಿನದ ವಾಯಿದೆ, ಹೈಕೋರ್ಟಿಗಾದರೆ 90. ಎಷ್ಟೋ ಕೇಸುಗಳಲ್ಲಿ "ಯಾವುದಕ್ಕೂ ಒಂದು ಅಪೀಲು ಇರಲಿ" ಅಂತ ಬರೆದುಬಿಡುತ್ತಾರೆ, ನಾಳೆ ಯಾರೂ ತಮ್ಮನ್ನು ಕೇಳಬಾರದು ಅಂತ. ಅದರಿಂದ ರೈತರ ಆಯಸ್ಸಿನಲ್ಲಿ ಇನ್ನೂ ಹತ್ತು ವರ್ಷ ಹೋಗುತ್ತದೆ.

ಸೀನಿಯರ್ ಸಂಜೆ ಕೂತು ನಾಲ್ಕು ಪುಟ ಹೇಳಿದರು, ನಾನು ಬರೆದುಕೊಂಡೆ. ಕೊನೆಯ ಸಾಲು, "ಈ ಪ್ರಕರಣ ಮೇಲ್ಮನವಿಗೆ ಯೋಗ್ಯವಲ್ಲ". ಟಪಾಲಿಗೆ ಹಾಕಿದರೆ ತಡವಾಗುತ್ತದೆ ಅಂತ ಮಾರನೇ ದಿನ ಮುದ್ದಾಂ ಆಗಿ, ಅಂದರೆ ಖುದ್ದಾಗಿ, ನನ್ನ ಕೈಯಲ್ಲೇ ಜಿಲ್ಲಾಧಿಕಾರಿ ಕಚೇರಿಗೆ ಕಳಿಸಿದರು. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದು ತೋರಿಸುವವರೆಗೆ ಅವರು ಊಟಕ್ಕೆ ಎದ್ದಿರಲಿಲ್ಲ.